ತೆಂಗಿನ ಸೀಮೆಯ ಬೇಲಿ, ಕಿರುತೆರೆಯ ಬೇಟೆ

ತುಮಕೂರಿನಿಂದ ಶಿವಮೊಗ್ಗದ ಹೆದ್ದಾರಿ ಹಿಡಿದು ಹೊರಟವರಿಗೆ ಗುಬ್ಬಿ, ನಿಟ್ಟೂರು ದಾಟುವಷ್ಟರಲ್ಲಿ ರಸ್ತೆಯ ಎರಡೂ ಬದಿಯಲ್ಲಿ ತೆಂಗು ದಟ್ಟವಾಗುತ್ತದೆ. ತಿಪಟೂರು ಹತ್ತಿರವಾದಂತೆ ಆಕಾಶ ಗರಿಗಳ ಸಂದಿಯಲ್ಲಷ್ಟೇ ಕಾಣುತ್ತದೆ. ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಜನ ಇದನ್ನು ಕಲ್ಪತರು ನಾಡು ಎಂದು ಕರೆದದ್ದು ಬರಿಯ ಅಭಿಮಾನಕ್ಕಲ್ಲ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಹಳೆಯ ಸಾಲ ಎಲ್ಲವೂ ಇಲ್ಲಿ ಕೊಬ್ಬರಿಯ ಧಾರಣೆಯನ್ನೇ ನೋಡಿಕೊಂಡಿರುತ್ತವೆ. ಕೊಬ್ಬರಿ ವ್ಯಾಪಾರಕ್ಕೆ ತಿಪಟೂರಿನ ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು.

ಉಂಡೆ ಕೊಬ್ಬರಿ ಅವಸರದ ಪದಾರ್ಥವಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಇಡಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಡಬೇಕು. ಅನುಭವಸ್ಥರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಹೊರಗಿನ ಚಿಪ್ಪು ಎಲ್ಲ ಕಾಯಿಗೂ ಒಂದೇ!

ತೆಂಗಿನಷ್ಟೇ ಈ ಸೀಮೆಯಲ್ಲಿ ಎದ್ದು ಕಾಣುವುದು ಬೇಲಿ. ಹಳೆಯ ತೋಟಗಳಿಗೆ ಕತ್ತಾಳೆ, ಕಳ್ಳಿ, ಜಾಲಿಮುಳ್ಳು. ಹೊಸ ತೋಟಗಳಿಗೆ ಕಲ್ಲುಕಂಬ, ಮುಳ್ಳುತಂತಿ. ಬೇಲಿಯೇ ಎದ್ದು ಹೊಲ ಮೇಯಬಾರದು ಎನ್ನುವ ನಾಡಿನಲ್ಲಿ ಬೇಲಿಯ ಕೆಲಸವೇನೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು. ಟಿ.ವಿ. ಮತ್ತು ಮೊಬೈಲಿನಲ್ಲಿ ಬೇಟೆಯ ದೃಶ್ಯಗಳನ್ನು ನೋಡುವ ಇಂದಿನ ಮಕ್ಕಳಿಗೆ ಈ ಸಣ್ಣ ತಿಳಿವಳಿಕೆ ಬಹಳ ದೊಡ್ಡ ಉಪಯೋಗಕ್ಕೆ ಬರುವಂಥದು.

ಬೋನಿನ ಮುಂದೆ ಕ್ಯಾಮೆರಾ

ಚಿಕ್ಕನಾಯಕನಹಳ್ಳಿಯ ಕಡೆಗೆ ಹೋದಂತೆ ತೋಟಗಳ ಹಿಂದೆ ಗುಡ್ಡಗಳು ಏಳುತ್ತವೆ. ಮದಲಿಂಗನ ಕಣಿವೆಯ ಸುತ್ತಿನ ಈ ಸಾಲಿನಲ್ಲಿ ಕುರುಚಲು ಕಾಡು, ಬಂಡೆ, ಗಣಿಯ ಕೆಂಪು ಗಾಯಗಳು ಎಲ್ಲವೂ ಇವೆ. ಇಲ್ಲಿಂದ ಉತ್ತರಕ್ಕೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ಎಂಬ ಸಣ್ಣ ಜಿಂಕೆಗಾಗಿಯೇ ವನ್ಯಧಾಮವೆಂದು ಘೋಷಿಸಲಾಯಿತು. ಗುಡ್ಡದ ಬಂಡೆಯ ಸಂದಿ ಚಿರತೆಗೆ ಹಗಲಿನ ಮನೆ. ಕತ್ತಲಾದರೆ ಅದು ತೋಟದ ಹಾದಿ ಹಿಡಿಯುತ್ತದೆ. ನಾಯಿ, ಕುರಿ, ಮೇಕೆ ಸಿಕ್ಕಿದರೆ ಅದಕ್ಕೆ ಸಾಕು. ಮುಳ್ಳುತಂತಿ ಅದಕ್ಕೆ ಲೆಕ್ಕಕ್ಕಿಲ್ಲ.

ಭಯ ಸುಳ್ಳಲ್ಲ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ಪಕ್ಕದ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಸತ್ತವರಲ್ಲಿ ಮಕ್ಕಳೂ ಇದ್ದರು. ತೋಟದ ಮನೆಯಿಂದ ಶಾಲೆಗೆ ಒಂಟಿಯಾಗಿ ನಡೆದು ಹೋಗುವ ಮಗುವಿನ ತಾಯಿಗೆ ಚಿರತೆ ಕಿರುತೆರೆಯ ಪ್ರಾಣಿಯಲ್ಲ.

ಆಗ ಅರಣ್ಯ ಇಲಾಖೆಯ ಬೋನು ಬರುತ್ತದೆ. ಕಬ್ಬಿಣದ ಉದ್ದನೆಯ ಪಂಜರ. ಹಿಂದಿನ ಭಾಗದಲ್ಲಿ ಸರಳಿನ ಆಚೆ ಕಟ್ಟಿದ ನಾಯಿ ಅಥವಾ ಮೇಕೆ. ಚಿರತೆ ಒಳಗೆ ಕಾಲಿಟ್ಟು ಹಲಗೆ ತುಳಿದರೆ ಬಾಗಿಲು ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಊರೇ ನೆರೆದಿರುತ್ತದೆ. ಜನ ಕೂಗಿದಂತೆ ಚಿರತೆ ಸರಳಿಗೆ ಮುಖ ಬಡಿದುಕೊಂಡು ಘರ್ಜಿಸುತ್ತದೆ. ವರದಿಗಾರರ ಕ್ಯಾಮೆರಾಗೆ ಬೇಕಾದದ್ದೂ ಆ ಘರ್ಜನೆಯೇ. ಸಂಜೆಯ ವಾರ್ತೆಯಲ್ಲಿ ಅದು ‘ಕ್ರೂರ ಮೃಗ’. ನಿಜವಾಗಿ ಅದು ಹೆದರಿ ನಡುಗುತ್ತಿರುವ ಒಂದು ಪ್ರಾಣಿ.

ಮುಂದೇನಾಯಿತು ಎಂಬುದು ಮಾತ್ರ ಪರದೆಯ ಮೇಲೆ ಬರುವುದು ಕಡಿಮೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹುಡುಕಿತು. ಹಿಡಿದ ಚಿರತೆಗಳನ್ನು ದೂರದ ಕಾಡಿಗೆ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿತ್ತು! ಒಂದೂರಿನ ಕಷ್ಟವನ್ನು ಬೋನಿನಲ್ಲಿಟ್ಟು ಇನ್ನೊಂದೂರಿಗೆ ಸಾಗಿಸಿದಂತಾಗಿತ್ತು.

ಆದರೂ ಈ ಬೋನನ್ನು ಬೇಟೆಯ ಮೋಜಿನೊಂದಿಗೆ ಸೇರಿಸುವುದು ನ್ಯಾಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಬಲೆಯೊಡ್ಡಿ ಹಿಡಿಯುವುದೂ ಅಟ್ಟಿಸುವುದೂ ಬೇಟೆಯೇ. ಅಧಿಕಾರಿಯ ಅನುಮತಿ ಸಿಗುವುದು ಜನರ ಜೀವಕ್ಕೆ ಅಪಾಯವಾದಂಥ ಸಂದರ್ಭದಲ್ಲಿ. ತೋಟದ ಬೋನಿನ ಹಿಂದೆ ಭಯವಿದೆ, ಪೌರುಷದ ಪ್ರದರ್ಶನವಿಲ್ಲ.

ಟಿಕೆಟ್ ಕೊಟ್ಟು ಕೊಲ್ಲುವ ಕಾಡು

ಪೌರುಷದ ಪ್ರದರ್ಶನವೇ ವ್ಯಾಪಾರವಾದ ಜಾಗಗಳೂ ಉಂಟು. ಅಲ್ಲಿಗೆ ಹೋಗಲು ತುಮಕೂರು ಜಿಲ್ಲೆಯ ಒಂದು ಪ್ರಾಣಿಯೇ ದಾರಿ ತೋರಿಸುತ್ತದೆ. ಜಿಲ್ಲೆಯ ಈಶಾನ್ಯದಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 800 ಎಕರೆಯ ಈ ಬಯಲು ಈಗ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಮೀಸಲು. ಮನುಷ್ಯನ ಸುಳಿವು ಸಿಕ್ಕಿದೊಡನೆ ಹಿಂಡು ಚಿಮ್ಮಿ ಹಾರುತ್ತ ದಿಗಂತ ಸೇರುತ್ತದೆ. ಓಟವೇ ಅದರ ಆಯುಧ.

ಇದೇ ಕೃಷ್ಣಮೃಗವನ್ನು 1932ರಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಒಯ್ಯಲಾಯಿತು. ಅಲ್ಲಿನ ಎತ್ತರದ ಬೇಲಿಯ ಖಾಸಗಿ ಜಮೀನುಗಳಲ್ಲಿ ಅದು ಚೆನ್ನಾಗಿ ಹೆಚ್ಚಿತು. ಇಂದು ಶುಲ್ಕ ಕಟ್ಟಿದವರು ಅಲ್ಲಿ ಅದನ್ನು ಬೇಟೆಯಾಡಬಹುದು. ಭಾರತದಲ್ಲಿ ಜೈಲಿಗೆ ಕಳಿಸುವ ಕೆಲಸಕ್ಕೆ ಅಲ್ಲಿ ದರಪಟ್ಟಿ ಇದೆ. ಇಂಥ ಜಮೀನುಗಳಲ್ಲಿ ಚಿತ್ರೀಕರಿಸಿದ ಬೇಟೆ ಟಿ.ವಿ. ಕಾರ್ಯಕ್ರಮವಾಗಿಯೂ ಬರುತ್ತದೆ. ಪಿಸುಮಾತು, ಹೊಂಚು, ಗುಂಡು, ಆಮೇಲೆ ಕೊಂಬು ಹಿಡಿದ ನಗು. ಚೌಕಟ್ಟಿನೊಳಗೆ ಮರ, ಹುಲ್ಲು, ಪ್ರಾಣಿ ಎಲ್ಲವೂ ನಿಜ. ಚೌಕಟ್ಟಿನ ಹೊರಗೆ ಉಳಿಯಬಹುದಾದದ್ದು ಬೇಲಿಯೊಂದೇ. ಓಟವೇ ಆಯುಧವಾದ ಪ್ರಾಣಿಗೆ ಎಷ್ಟು ದೂರ ಓಡಲು ಬಿಟ್ಟಿದ್ದರು ಎಂದು ನೋಡುಗನಿಗೆ ತಿಳಿಯುವುದೇ ಇಲ್ಲ.

ಈ ಮರೆಮಾಚುವಿಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಿನ್ನೆಸೋಟ ರಾಜ್ಯದ ಒಂದು ಪ್ರಕರಣ ಸಾಕ್ಷಿ. 2004ರಲ್ಲಿ ಟ್ರಾಯ್ ಜೆಂಟ್ರಿ ಎಂಬ ಹೆಸರಾಂತ ಗಾಯಕ, ವಿದ್ಯುತ್ ಬೇಲಿಯ ಮೂರು ಎಕರೆ ಆವರಣದಲ್ಲಿದ್ದ ‘ಕಬ್ಬಿ’ ಎಂಬ ಪಳಗಿದ ಕರಡಿಯನ್ನು ಬಾಣದಿಂದ ಕೊಂದ. ಅದನ್ನು ಕೊಳ್ಳಲು ಮೊದಲೇ ಹಣ ಕೊಟ್ಟಿದ್ದ. ಎಲ್ಲವನ್ನೂ ಚಿತ್ರೀಕರಿಸಿ, ಕಾಡಿನಲ್ಲಿ ನಡೆದ ಬೇಟೆಯೆಂದು ಕಾಣುವ ಹಾಗೆ ಕತ್ತರಿಸಿ ಜೋಡಿಸಲಾಗಿತ್ತು. ಕರಡಿಗೆ ಸುಳ್ಳು ಗುರುತುಚೀಟಿ ಹಾಕಿದ ತಪ್ಪನ್ನು 2006ರಲ್ಲಿ ಅವನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. 15,000 ಡಾಲರ್ ದಂಡ ಬಿತ್ತು.

ಬೇಟೆಗಾರರೆಲ್ಲ ಇದನ್ನು ಮೆಚ್ಚುತ್ತಾರೆಂದೇನೂ ಅಲ್ಲ. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ಕೊಂದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ. ಮೊಂಟಾನ ರಾಜ್ಯದ ಮತದಾರರು 2000ದಲ್ಲಿ ಸಾಕಿದ ಮೃಗಗಳ ಶುಲ್ಕದ ಬೇಟೆಯನ್ನೇ ನಿಲ್ಲಿಸಿದರು. ಪ್ರಾಣಿಗೆ ಪಾರಾಗುವ ಅವಕಾಶವಿಲ್ಲದಿದ್ದರೆ ಅದು ಬೇಟೆಯಲ್ಲ ಎಂಬುದು ಬೇಟೆಗಾರರದೇ ಹಳೆಯ ಧರ್ಮ.

ಜಮೀನಿನವರ ವಾದವನ್ನೂ ಕೇಳಬೇಕು. ಸಾವಿರಾರು ಎಕರೆಯ ಆವರಣದಲ್ಲಿ ಪ್ರಾಣಿ ಬೇಲಿಯನ್ನೇ ಕಾಣದೆ ಬದುಕಬಹುದು ಎನ್ನುತ್ತಾರೆ ಅವರು. ಬೇಟೆಯ ಹಣದಿಂದಲೇ ಸಂತತಿ ಉಳಿಯಿತು ಎಂದೂ ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಪಾಕಿಸ್ತಾನದಲ್ಲಿ ಕೃಷ್ಣಮೃಗ ಅಳಿದುಹೋದಾಗ, 1970ರ ದಶಕದಲ್ಲಿ ಲಾಲ್ ಸುಹಾಂರಾ ಉದ್ಯಾನಕ್ಕೆ ಮತ್ತೆ ತಂದದ್ದು ಟೆಕ್ಸಾಸ್‌ನಿಂದಲೇ. ಆದರೆ ಬೇಲಿ ಒಳ್ಳೆಯದನ್ನೇ ಮಾಡಿದ್ದರೆ ಅದನ್ನು ತೆರೆಯ ಮೇಲೆ ಮುಚ್ಚಿಡುವುದೇಕೆ?

ಕಾಕನಕೋಟೆಯ ಕಟಕಟೆ

ದೂರದವರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಬೇಲಿ ಕಟ್ಟಿ, ಮೃಗವನ್ನು ಅಟ್ಟಿ ತಂದು, ಅತಿಥಿಗಳಿಗೆ ತೋರಿಸುವ ವಿದ್ಯೆ ಮೈಸೂರು ಸಂಸ್ಥಾನದಲ್ಲಿ ಚೆನ್ನಾಗಿ ಬೆಳೆದಿತ್ತು. ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆರಂಭಿಸಿದ ಖೆಡ್ಡಾ ಮುಂದೆ ಕಬಿನಿ ದಂಡೆಯ ಕಾಕನಕೋಟೆಯಲ್ಲಿ ಜಗತ್ಪ್ರಸಿದ್ಧವಾಯಿತು. ಆನೆಯ ಹಿಂಡನ್ನು ಸೋವಿ, ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ನೂಕಿ, ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿಯುತ್ತಿದ್ದರು. ನೋಡಲು ಅಟ್ಟಣೆಗಳಿದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಕ್ಯಾಮೆರಾ ಅಲ್ಲಿಗೂ ಹೋಗಿತ್ತು. ರಾಬರ್ಟ್ ಫ್ಲಾಹರ್ಟಿ ಮೈಸೂರಿನಲ್ಲಿ ಚಿತ್ರೀಕರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಮಾವುತನ ಮಗ, ಕಾರಾಪುರದ ಹುಡುಗ ಸಾಬು ಅದರಿಂದ ಲೋಕಕ್ಕೆ ಪರಿಚಿತನಾದ. ಚಿತ್ರದ ಒಂದು ಭಾಗ ಮೈಸೂರಿನ ಕಾಡು. ಇನ್ನೊಂದು ಭಾಗ ಝೊಲ್ಟಾನ್ ಕೋರ್ಡಾ ಲಂಡನ್ ಬಳಿಯ ಡೆನ್ಹಮ್ ಸ್ಟುಡಿಯೋದಲ್ಲಿ ತೆಗೆದದ್ದು. ಅದು ಕಥಾಚಿತ್ರ, ಹಾಗೆಂದೇ ಹೇಳಿಕೊಂಡಿತು. ಆದ್ದರಿಂದ ಅದನ್ನು ಮೋಸ ಎನ್ನಲಾಗದು. ಆದರೆ ಎರಡು ಜಾಗದ ದೃಶ್ಯಗಳನ್ನು ಒಂದೇ ಕಾಡಾಗಿ ಹೊಲಿಯುವುದು ಎಷ್ಟು ಸುಲಭವೆಂದು ಆಗಲೇ ತಿಳಿದಿತ್ತು.

ಸುಳ್ಳು ಹೇಳದ ಕಲ್ಲು

ತುರುವೇಕೆರೆಯ ಹೆಸರಿನಲ್ಲೇ ತುರು ಇದೆ. ತುರು ಎಂದರೆ ದನ. ತುರುಗಳಿಗಾಗಿ ಹೋರಾಡಿ ಸತ್ತವರಿಗೆ ವೀರಗಲ್ಲು ನಿಲ್ಲಿಸಿದ ನಾಡು ಕರ್ನಾಟಕ. ಇಲ್ಲಿಂದ ದಕ್ಷಿಣಕ್ಕೆ ನಾಗಮಂಗಲ ದಾಟಿ ಮದ್ದೂರು ಸೀಮೆಗೆ ಹೋದರೆ ಆತಕೂರು. ಅಲ್ಲಿ ನಿಂತಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50.

ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಮೆರೆದ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಮೆಚ್ಚಿ, ಏನು ಬೇಕೆಂದು ಕೇಳಿದ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಎರಡೂ ಸತ್ತವು. ಕಲ್ಲಿನಲ್ಲಿ ನಾಯಿಯೂ ಇದೆ, ಹಂದಿಯೂ ಇದೆ. ಆ ಕಲ್ಲಿಗೆ ಪೂಜೆ ಸಲ್ಲಬೇಕೆಂದು ಕಟ್ಟಳೆಯನ್ನೂ ಬರೆದರು, ಭೂಮಿಯನ್ನೂ ಬಿಟ್ಟರು.

ಬೇಟೆ ಅಂದಿನ ಬದುಕು. ಇಂದು ಅದು ಬೇಕಿಲ್ಲ. ಆದರೆ ಆ ಕಲ್ಲಿನ ಪ್ರಾಮಾಣಿಕತೆ ಇಂದಿಗೂ ಬೇಕು. ಹಂದಿಗೂ ಗೆಲ್ಲುವ ಅವಕಾಶವಿತ್ತು, ಅದು ಸಾಯುವ ಮುನ್ನ ಕೊಂದೂ ಇತ್ತು ಎಂದು ನಾಯಿಯ ಒಡೆಯನೇ ಕಲ್ಲಿನಲ್ಲಿ ಕೆತ್ತಿಸಿದ. ಮಿನ್ನೆಸೋಟದ ಕರಡಿಯ ಚಿತ್ರಕ್ಕೆ ಅಷ್ಟು ಹೇಳುವ ಧೈರ್ಯವಿರಲಿಲ್ಲ.

ಆದ್ದರಿಂದ ಬೇಟೆಯ ಕಾರ್ಯಕ್ರಮ ತೆರೆಯ ಮೇಲೆ ಬಂದಾಗ ಪೋಷಕರು ಸೆಟ್ ಆರಿಸಿಬಿಡುವುದಕ್ಕಿಂತ ಮಕ್ಕಳ ಜೊತೆ ಕುಳಿತು ಪ್ರಶ್ನೆ ಕೇಳುವುದು ಮೇಲು. ಬೇಲಿ ಎಲ್ಲಿದೆ? ಈ ಪ್ರಾಣಿ ಯಾರದು? ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಇತ್ತೇ? ಇದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು? ವಾರ್ತೆಯಲ್ಲಿ ಚಿರತೆಯ ಬೋನು ಕಂಡರೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಕಾಯಿ ಅಲ್ಲಾಡಿಸದೆ ಕೊಬ್ಬರಿಗೆ ಬೆಲೆ ಕಟ್ಟದ ಸೀಮೆಯ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಹೋಗುವುದು ಹೇಗೆ? ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿ.ಮೀ.; ಬಸ್ಸು, ರೈಲು ಎರಡೂ ಉಂಟು. ಅಲ್ಲಿಂದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಬಸ್ಸುಗಳಿವೆ. ತುರುವೇಕೆರೆಯ ಹೊಯ್ಸಳ ದೇಗುಲಗಳನ್ನೂ, ನುಣುಪಾದ ಕರಿಕಲ್ಲಿನ ಬಸವನನ್ನೂ ನೋಡದೆ ಬರಬಾರದು. ಗುಡ್ಡದ ಕಡೆ ಹೋಗುವವರು ಕತ್ತಲಾಗುವ ಮುನ್ನ ಊರು ಸೇರುವುದು ಒಳ್ಳೆಯದು. ಆ ಹೊತ್ತಿನ ಮೇಲೆ ಹಾದಿ ಚಿರತೆಯದು.