ಬಾಗಿಲು ತೆರೆಯಲಾಗದ ಮನೆ

ಕುಂಬಳೆಯಿಂದ ಕಣ್ಣೂರಿಗೆ ರೈಲುದಾರಿ ಸುಮಾರು ನೂರು ಕಿಲೋಮೀಟರ್. ಚಂದ್ರಗಿರಿ ಹೊಳೆಯನ್ನು ದಾಟಿ, ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರುಗಳನ್ನು ಹಿಂದಿಕ್ಕಿ, ವಳಪಟ್ಟಣಂ ಹೊಳೆಯ ಸೇತುವೆಯನ್ನು ಹಾಯುವ ಈ ದಾರಿ ಗಡಿನಾಡಿನ ಕನ್ನಡಿಗರಿಗೆ ಹೊಸದಲ್ಲ. ಆಸ್ಪತ್ರೆಗೆ, ಕಚೇರಿಗೆ, ಕ್ಷೇತ್ರದರ್ಶನಕ್ಕೆ ಅವರು ಈ ದಾರಿಯಲ್ಲಿ ಓಡಾಡುತ್ತಲೇ ಬಂದಿದ್ದಾರೆ. ಇದೇ ದಾರಿಯ ಎಡಬಲಗಳಲ್ಲಿ, ಮನುಷ್ಯನು ಹಾವು, ಮೊಸಳೆಗಳಿಗೆ ಬಿಟ್ಟುಕೊಟ್ಟ ಮತ್ತು ಕಟ್ಟಿಕೊಟ್ಟ ಮನೆಗಳ ಒಂದು ಸಣ್ಣ ಚರಿತ್ರೆಯೂ ಹರಡಿಕೊಂಡಿದೆ. ಕೆರೆ, ಬನ, ಗಾಜಿನ ಕೋಣೆ, ಕೊನೆಗೆ ಮರದ ಪೆಟ್ಟಿಗೆ. ವಿದೇಶದ ಹೆಬ್ಬಾವನ್ನೋ ಇಗುವಾನವನ್ನೋ ಮನೆಯೊಳಗೆ ಸಾಕುವ ಹವ್ಯಾಸ ನಮ್ಮ ಪಟ್ಟಣಗಳಿಗೂ ಕಾಲಿಡುತ್ತಿರುವ ಈ ಹೊತ್ತಿನಲ್ಲಿ, ಈ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ನೋಡುವುದು ಉಚಿತ.

ಮೊದಲನೆಯದು ಕುಂಬಳೆಯ ಸಮೀಪದ ಅನಂತಪುರ. ಮುರಕಲ್ಲಿನ ಗುಡ್ಡದ ಬಯಲಿನಲ್ಲಿ ಒಮ್ಮೆಲೇ ತಗ್ಗಿ ಕಾಣಿಸಿಕೊಳ್ಳುವ ಸುಮಾರು ಎರಡು ಎಕರೆಯ ಕೆರೆ, ಅದರ ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬುದು ಭಕ್ತರ ನಂಬಿಕೆ. ಈ ಕೆರೆಯಲ್ಲಿದ್ದ ‘ಬಬಿಯಾ’ ಎಂಬ ಮೊಸಳೆಯನ್ನು ಕಾಣದ ಕಾಸರಗೋಡಿನವರು ವಿರಳ. ನೈವೇದ್ಯದ ಅನ್ನವನ್ನು ಸ್ವೀಕರಿಸುತ್ತ, ಯಾರಿಗೂ ಕೇಡು ಮಾಡದೆ, ಎಪ್ಪತ್ತು ವರ್ಷಗಳಿಗೂ ಮೀರಿ ಅದು ಅಲ್ಲಿ ಬದುಕಿತ್ತೆಂದು ಊರವರು ಹೇಳುತ್ತಾರೆ. 2022ರ ಅಕ್ಟೋಬರ್ 9ರ ರಾತ್ರಿ ಅದು ತೀರಿಕೊಂಡಾಗ ಅಂತಿಮದರ್ಶನಕ್ಕೆ ಜನ ಸಾಲುಗಟ್ಟಿದರು; ಕ್ಷೇತ್ರದ ಆವರಣದಲ್ಲಿಯೇ ಅದಕ್ಕೆ ಸಮಾಧಿಯಾಯಿತು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು.

ಭಕ್ತಿಯ ಕಣ್ಣಿಗೆ ಅದು ದೇವರ ಲೀಲೆ. ಆ ಕೆರೆಯನ್ನು ಪ್ರಾಣಿಯ ಅಗತ್ಯದ ದೃಷ್ಟಿಯಿಂದ ನೋಡಿದರೂ ಕಲಿಯಬೇಕಾದದ್ದು ಸಾಕಷ್ಟಿದೆ. ಮೊಸಳೆ, ಹಾವು, ಆಮೆ, ಹಲ್ಲಿಗಳ ಶರೀರವು ತನಗೆ ಬೇಕಾದ ಶಾಖವನ್ನು ಒಳಗಿನಿಂದ ಉಂಟುಮಾಡಿಕೊಳ್ಳಲಾರದು. ಚಳಿಯಾದರೆ ಬಿಸಿಲಿಗೆ ಬರಬೇಕು, ಬಿಸಿಲು ಹೆಚ್ಚಾದರೆ ನೆರಳಿಗೋ ನೀರಿಗೋ ಸರಿಯಬೇಕು. ಉಂಡದ್ದು ಜೀರ್ಣವಾಗುವುದೂ ರೋಗ ದೂರವಾಗುವುದೂ ಈ ಓಡಾಟವನ್ನೇ ನೆಚ್ಚಿಕೊಂಡಿವೆ. ಅನಂತಪುರದಲ್ಲಿ ಬಿಸಿಲು ಕಾಯಲು ಬಂಡೆಯಿದೆ, ತಂಪಿಗೆ ಆಳವಾದ ನೀರಿದೆ, ಜನರ ಕಣ್ಣು ತಪ್ಪಿಸಲು ಗುಹೆಯಿದೆ. ಈ ಮೂರರ ನಡುವೆ ಯಾವುದು ಯಾವಾಗ ಬೇಕೆಂಬುದನ್ನು ಮೊಸಳೆಯೇ ನಿರ್ಧರಿಸುತ್ತಿತ್ತು.

ಎರಡನೆಯ ಮನೆ ನಾಗಬನ. ಕಾಸರಗೋಡಿನ ಹಳೆಯ ತರವಾಡುಗಳಲ್ಲಿ ಕೊಡಲಿ ತಾಗದ ಒಂದು ತುಂಡು ಕಾಡನ್ನು ನಾಗನಿಗೆಂದು ಬಿಡುವುದು ರೂಢಿ. ಅಲ್ಲಿ ಮನುಷ್ಯನು ಕಟ್ಟುವುದು ಬಹಳವೆಂದರೆ ಒಂದು ಕಟ್ಟೆ. ಉಳಿದದ್ದೆಲ್ಲ ಬೇರು, ಹುತ್ತ, ಒಣಗಿದೆಲೆ. ಹಾವಿಗೆ ಬೇಕಾದುದು ಕತ್ತಲೆ, ಇಕ್ಕಟ್ಟು ಮತ್ತು ನಿರ್ಜನತೆ ಎಂಬ ತಿಳಿವು ಈ ರೂಢಿಯಲ್ಲಿ ಅಡಗಿದೆ. ಅದೇ ತಿಳಿವು ಈಗ ಬೇರೊಂದು ರೂಪದಲ್ಲಿ ಬಳಕೆಗೆ ಬಂದಿದೆ. ಮನೆಯೊಳಗೆ ಹಾವು ಹೊಕ್ಕಾಗ ಸಹಾಯಕ್ಕೆ ಕರೆಯಲು ಕೇರಳ ಅರಣ್ಯ ಇಲಾಖೆ 2020ರಲ್ಲಿ ‘ಸರ್ಪ’ ಎಂಬ ಆ್ಯಪನ್ನು ಆರಂಭಿಸಿತು. ತರಬೇತಿ ಪಡೆದು ಇಲಾಖೆಯ ಪ್ರಮಾಣಪತ್ರ ಹೊಂದಿದವರು ಮಾತ್ರ ಹಾವು ಹಿಡಿಯಬಹುದೆಂಬ ನಿಯಮವೂ ಬಂತು. ಅವರು ತರುವ ಮುಖ್ಯ ಸಾಧನ ಒಂದು ಕೊಕ್ಕೆ, ಒಂದು ಬಟ್ಟೆಯ ಚೀಲ, ಚೀಲದ ಬಾಯಿಗೆ ಕಟ್ಟಿದ ಒಂದು ಪೈಪು. ಹಾವನ್ನು ಎತ್ತಿ ತುರುಕುವುದಿಲ್ಲ. ಪೈಪಿನ ಬಾಯಿಯನ್ನು ಅದರ ಮುಂದಿಟ್ಟು ಮೆಲ್ಲನೆ ಕೊಕ್ಕೆಯಿಂದ ದಾರಿ ತೋರಿದರೆ ಅದು ಬಿಲವೆಂದು ಭಾವಿಸಿ ತಾನಾಗಿಯೇ ಒಳಸೇರುತ್ತದೆ.

ಮೂರನೆಯ ಮನೆಗೆ ತಳಿಪರಂಬವನ್ನು ದಾಟಿ, ಹೆದ್ದಾರಿಯ ಧರ್ಮಶಾಲೆ ಎಂಬಲ್ಲಿ ಪರಶ್ಶಿನಿಕಡವಿನ ಕಡೆಗೆ ತಿರುಗಬೇಕು. ಹೊಳೆಯ ದಂಡೆಯ ಮುತ್ತಪ್ಪನ ಸನ್ನಿಧಿಗೆ ಹೋಗುವವರಲ್ಲಿ ಅನೇಕರು ಹತ್ತಿರದ ಹಾವಿನ ಉದ್ಯಾನಕ್ಕೂ ಹೋಗಿಬರುತ್ತಾರೆ. ಇಲ್ಲಿ ಮನೆ ಕಟ್ಟಿರುವುದು ಮುಖ್ಯವಾಗಿ ನೋಡುವವನ ಅನುಕೂಲಕ್ಕೆ. ಗಾಜಿನ ಗೂಡುಗಳಲ್ಲಿ ನಾಗರ, ಕನ್ನಡಿಹಾವು. ಬೇರೆ ಗಾಜಿನ ಕೋಣೆಗಳಲ್ಲಿ ಕಾಳಿಂಗ. ಹಾವು ಕಂಡಲ್ಲಿ ಕೊಲ್ಲುವ ಅಭ್ಯಾಸವನ್ನು ತಗ್ಗಿಸಲು ಇಂಥ ಉದ್ಯಾನಗಳು ನೆರವಾಗಿವೆ ಎಂಬುದನ್ನು ಮರೆಯಲಾಗದು. ಆದರೂ ಕಾಳಿಂಗದ ಮುಂದೆ ನಿಂತಾಗ ಒಂದು ಸಂಗತಿ ನೆನಪಾಗದೆ ಇರದು. ಲೋಕದ ಹಾವುಗಳಲ್ಲಿ ಮೊಟ್ಟೆಗಳಿಗಾಗಿ ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟುವುದಕ್ಕೆ ಹೆಸರಾದುದು ಇದೊಂದೇ. ಕೈಕಾಲುಗಳಿಲ್ಲದ ಹೆಣ್ಣು ಕಾಳಿಂಗವು ತನ್ನ ಮೈಯ ಸುರುಳಿಯಿಂದಲೇ ತರಗೆಲೆಗಳನ್ನು ಎಳೆದು ರಾಶಿ ಹಾಕುತ್ತದೆ. ಮಲೆನಾಡಿನ ಮಳೆಯಲ್ಲಿಯೂ ಮೊಟ್ಟೆಗಳು ಕೊಳೆಯದೆ ಬೆಚ್ಚಗಿರುತ್ತವೆ. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು 2024ರಲ್ಲಿ ನಿರೂಪಿಸಿ, ಅದಕ್ಕೆ ಶಾಸ್ತ್ರೀಯವಾಗಿ ಇಟ್ಟ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಕನ್ನಡದ ಮಾತೊಂದು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಹೀಗೆ ಸೇರಿಕೊಂಡಿತು.

ಈ ಉದ್ಯಾನಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ, ಕಣ್ಣೂರಿನ ರಾಜಕೀಯ ಕದನಗಳ ಕಾವಿನಲ್ಲಿ, ಗುಂಪೊಂದು ಇಲ್ಲಿಗೆ ಬೆಂಕಿಯಿಟ್ಟಿತು. ಗೂಡುಗಳಲ್ಲಿದ್ದ ಎಷ್ಟೋ ಪ್ರಾಣಿಗಳು ಬೆಂದುಹೋದವು. ಕಾಡಿನ ಹಾವಿಗೆ ಬೆಂಕಿ ಬಂದರೆ ಬಿಲವಿದೆ, ಹೊಳೆಯಿದೆ. ಗಾಜಿನ ಹಿಂದಿನ ಹಾವಿಗೆ ಬಾಗಿಲು ತೆರೆಯುವ ಮನುಷ್ಯನೊಬ್ಬನೇ ದಾರಿ. ಅಂದು ಆ ಮನುಷ್ಯ ಬರಲಿಲ್ಲ; ಬಂದವನು ಬೆಂಕಿ ತಂದಿದ್ದ. ಗೂಡನ್ನು ಕಟ್ಟುವವನು ಪ್ರಾಣಿಯಿಂದ ಕಸಿದುಕೊಳ್ಳುವುದು ಏನನ್ನು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಹೊಳೆಯ ಹರಿವನ್ನೇ ಹಿಡಿದು ಕೆಳಗೆ ಬಂದರೆ ವಳಪಟ್ಟಣಂ. ಘಟ್ಟದ ಮರಗಳು ನೀರಿನ ಮೇಲೆ ತೇಲಿಬಂದು ದಡ ಸೇರುತ್ತಿದ್ದ ಊರು. 1945ರಲ್ಲಿ ಸ್ಥಾಪನೆಯಾದ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಕಾರ್ಖಾನೆಯಿಂದಾಗಿ ಪ್ಲೈವುಡ್ಡಿಗೂ ಹೆಸರಾದ ಊರು. ಮನೆಯೊಳಗೆ ಉರಗ ಸಾಕುವವರ ನಾಲ್ಕನೆಯ ಬಗೆಯ ಮನೆ, ಅಂದರೆ ಅಳತೆ ಕೊಟ್ಟು ಮಾಡಿಸುವ ಮರದ ಪೆಟ್ಟಿಗೆ, ಹುಟ್ಟುವುದು ಇಂಥ ಹಲಗೆಗಳಿಂದ. ಗಾಜಿನ ತೊಟ್ಟಿಯನ್ನು ಬಿಟ್ಟು ಮರವನ್ನು ಆರಿಸುವುದಕ್ಕೆ ಕಾರಣವಿದೆ. ಮರವು ಶಾಖವನ್ನು ಗಾಜಿಗಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಮೂರು ಕಡೆ ಮರೆಯಾಗಿ ಮುಂದೆ ಮಾತ್ರ ಗಾಜಿದ್ದರೆ ಪ್ರಾಣಿಗೆ ಅಂಜಿಕೆ ಕಡಮೆ.

ಕೆಲಸ ಕಂಡಷ್ಟು ಸುಲಭವಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಹಾವು ಉದ್ದಕ್ಕೆ ಮೈಚಾಚುವಷ್ಟು ಜಾಗವಾದರೂ ಇರಬೇಕೆಂಬುದು ಇದರ ತತ್ತ್ವ. ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ. ಎರಡೂ ತುದಿಯಲ್ಲಿ ಅಡಗಲು ಒಂದೊಂದು ಗೂಡು. ಒಂದೇ ಇದ್ದರೆ ಹಾವು ಮರೆ ಬೇಕೆಂದು ಬಿಸಿಯನ್ನೋ ತಂಪನ್ನೋ ಬಿಟ್ಟುಕೊಡಬೇಕಾಗುತ್ತದೆ. ತಂಪು ತುದಿಯ ಕೆಳಭಾಗದಲ್ಲಿಯೂ ಬಿಸಿ ತುದಿಯ ಮೇಲ್ಭಾಗದಲ್ಲಿಯೂ ಗಾಳಿಕಿಂಡಿಯಿಟ್ಟರೆ ಗಾಳಿ ತಾನಾಗಿ ಹರಿಯುತ್ತದೆ. ದೀಪಕ್ಕೆ ತಂತಿಬಲೆಯ ಮುಸುಕು ಕಡ್ಡಾಯ. ಬಿಸಿ ಬಲ್ಬಿಗೆ ಮೈ ಸುತ್ತಿಕೊಂಡ ಹಾವು ಸುಟ್ಟುಕೊಂಡರೂ ಕೂಡಲೆ ಬಿಡುವುದಿಲ್ಲ. ಉಷ್ಣತೆಯನ್ನು ನಿಯಂತ್ರಿಸಲು ಥರ್ಮೋಸ್ಟಾಟ್ ಬೇಕು. ಇಗುವಾನದಂಥ ಹಗಲುಜೀವಿಗಳಿಗೆ ನೇರಳಾತೀತ ಕಿರಣದ ದೀಪವೂ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುವುದರಿಂದ ಗಾಜಿನಾಚೆಯ ಬಿಸಿಲು ಪ್ರಯೋಜನಕ್ಕೆ ಬಾರದು, ಎಲುಬು ಮೆತ್ತಗಾಗಿ ಪ್ರಾಣಿ ಸೊರಗುತ್ತದೆ.

ಈ ಅಳತೆಗಳೆಲ್ಲ ಹೆಚ್ಚಾಗಿ ಚಳಿದೇಶಗಳಲ್ಲಿ ರೂಪುಗೊಂಡವು. ಲೋಕದ ಮೊದಲ ಉರಗಭವನವು 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆಯಿತು. ಅಲ್ಲಿಯೇ 1927ರಲ್ಲಿ, ಕ್ಯುರೇಟರ್ ಜೋನ್ ಪ್ರಾಕ್ಟರ್ ಎಂಬಾಕೆಯ ಯೋಜನೆಯಂತೆ, ಬೇರೆಬೇರೆ ಗೂಡಿಗೆ ಬೇರೆಬೇರೆ ಶಾಖವೊದಗಿಸುವ ಹೊಸ ಭವನ ಎದ್ದಿತು. ಲಂಡನ್ನಿನಲ್ಲಿ ಗೂಡಿನ ಹೋರಾಟ ಚಳಿಯೊಡನೆ. ಕಾಸರಗೋಡು, ಕಣ್ಣೂರುಗಳ ಕಡಲಂಚಿನಲ್ಲಿ ಅದು ಸೆಕೆಯೊಡನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ ಕೋಣೆಯ ಗಾಳಿಯೇ ಹಾವಿನ ಬಿಸಿ ತುದಿಯ ಮಟ್ಟಕ್ಕೆ ಏರಿರುತ್ತದೆ. ತಂಪು ತುದಿಯನ್ನು ಎಲ್ಲಿಂದ ತರುವುದು? ಶಾಖ ಹಿಡಿದಿಡುವ ಮರದ ಗುಣವೇ ಆಗ ಅವಗುಣವಾಗುತ್ತದೆ. ಆದುದರಿಂದ ವಿದೇಶೀ ನಕ್ಷೆಯನ್ನು ಹಾಗೆಯೇ ಇಳಿಸಿಕೊಂಡವನು ಪ್ರಾಣಿಯನ್ನು ಮೆಲ್ಲಮೆಲ್ಲನೆ ಬೇಯಿಸಿದಂತೆಯೇ. ಇಲ್ಲಿನ ಪೆಟ್ಟಿಗೆಗೆ ಗಾಳಿಕಿಂಡಿ ದೊಡ್ಡದಿರಬೇಕು. ಅದನ್ನು ತಾರಸಿಯ ಕೆಳಗಿನ ಮಾಳಿಗೆಯಲ್ಲಿಡದೆ ಕೆಂಪುಕಲ್ಲಿನ ಗೋಡೆಯ, ಬಿಸಿಲು ತಾಗದ ನೆಲದ ಕೋಣೆಯಲ್ಲಿಡಬೇಕು.

ಆಟಿಯ ಮಳೆಯದು ಇನ್ನೊಂದು ಪರೀಕ್ಷೆ. ಸಾಧಾರಣ ಪ್ಲೈವುಡ್ ತೇವಕ್ಕೆ ಉಬ್ಬಿ ಪದರು ಬಿಡುತ್ತದೆ. ಬೂಷ್ಟು ಹಿಡಿದರೆ ಹಾವಿನ ಶ್ವಾಸಕೋಶಕ್ಕೇ ಕೇಡು. ಭಾರತೀಯ ಮಾನಕದ ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್ಡನ್ನು ಬಳಸಿ, ಕೊಯ್ದ ಅಂಚುಗಳಿಗೂ ಬಣ್ಣದ ಲೇಪ ಕೊಟ್ಟು, ಸಂದುಗಳನ್ನು ಸಿಲಿಕೋನಿನಿಂದ ಮುಚ್ಚುವುದು ಕ್ರಮ. ಅಂಟಿನ, ವಾರ್ನಿಷಿನ ವಾಸನೆ ಪೂರ್ತಿ ಆರುವ ತನಕ ವಾರಗಟ್ಟಲೆ ಪೆಟ್ಟಿಗೆ ಬರಿದಾಗಿಯೇ ಇರಬೇಕು. ಇರುವೆಯ ಕಾಟಕ್ಕೆ ನಮ್ಮ ಅಡುಗೆಮನೆಯ ಹಳೆಯ ಉಪಾಯವೇ ಸಾಕು: ಕಪಾಟಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವಂತೆ ಪೆಟ್ಟಿಗೆಯ ಕಾಲುಗಳನ್ನೂ ನಿಲ್ಲಿಸಬಹುದು.

ಇಷ್ಟೆಲ್ಲ ಸಿದ್ಧವಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಬಡಗಿ ಅಳತೆಪಟ್ಟಿ ಬಿಚ್ಚುವುದಕ್ಕೆ ಮೊದಲೇ ಕೇಳಬೇಕು: ಒಳಗೆ ಇರುವುದು ಯಾವ ಜೀವಿ? ನಾಗರ, ಕಾಳಿಂಗ, ಕನ್ನಡಿಹಾವು, ಕೇರೆ, ನಮ್ಮ ಹೆಬ್ಬಾವು, ಅದೃಷ್ಟದ ಆಸೆಯಿಂದ ಕೆಲವರು ಮನೆಯಲ್ಲಿಡುವ ನಕ್ಷತ್ರ ಆಮೆ, ಇವೆಲ್ಲ ತಿದ್ದುಪಡಿಯಾದ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಇವನ್ನು ಹಿಡಿದಿಟ್ಟವನಿಗೆ 3 ವರ್ಷಗಳಿಗೆ ಕಡಮೆಯಿಲ್ಲದ, 7 ವರ್ಷಗಳವರೆಗಿನ ಸೆರೆಮನೆವಾಸ ಮತ್ತು 25,000 ರೂಪಾಯಿಗೆ ಕಡಮೆಯಿಲ್ಲದ ದಂಡ. ಪೆಟ್ಟಿಗೆ ಎಷ್ಟು ಚೆಂದವಿದ್ದರೂ ಅದು ರಕ್ಷಣೆಯ ವಾದವಾಗದು. ವಿದೇಶದ ಪ್ರಾಣಿಗಳ ಮಾತು ಬೇರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್, ಹಸಿರು ಇಗುವಾನ ಮುಂತಾದವನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. 49ಎಂ ಕಲಮಿನನ್ವಯವೂ 2024ರ ನಿಯಮಗಳನ್ವಯವೂ ಅವುಗಳ ಸ್ವಾಧೀನ, ಜನನ, ಮರಣ, ಹಸ್ತಾಂತರಗಳನ್ನು ‘ಪರಿವೇಶ್’ ಜಾಲತಾಣದ ಮೂಲಕ ವರದಿ ಮಾಡಿ ನೋಂದಾಯಿಸಬೇಕು. ಚೆನ್ನೈ, ಬೆಂಗಳೂರು ವಿಮಾನನಿಲ್ದಾಣಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳು ಪ್ರಯಾಣಿಕರ ಸೂಟ್‌ಕೇಸುಗಳಿಂದ ಹಾವು, ಹಲ್ಲಿ, ಆಮೆಗಳನ್ನು ವಶಪಡಿಸಿಕೊಂಡ ಸುದ್ದಿ ಮರುಕಳಿಸುತ್ತಲೇ ಇದೆ. ಹೀಗೆ ಬಂದ ಪ್ರಾಣಿಗೆ ಈ ದೇಶದಲ್ಲಿ ಸಿಗುವ ಮೊದಲ ಮನೆ ಕಾಲುಚೀಲ, ಎರಡನೆಯದು ಸುಳ್ಳು ದಾಖಲೆ. ಮೂರನೆಯದನ್ನು ಮೆರೀನ್ ಪ್ಲೈವುಡ್ಡಿನಿಂದ ಕಟ್ಟಿದ ಮಾತ್ರಕ್ಕೆ ಮೊದಲೆರಡು ಸರಿಹೋಗುವುದಿಲ್ಲ.

ಕಾನೂನಿನ ಕಾಗದ ಸರಿಯಿದ್ದಾಗಲೂ ಹೊಣೆ ಮುಗಿಯದು. ಕೆರೆಯ ಮೊಸಳೆ ಬೇಡವೆನಿಸಿದಾಗ ಹೊರಟುಹೋಗಬಹುದು. ಬನದ ನಾಗನಿಗೆ ಬೇಲಿಯೇ ಇಲ್ಲ. ಚೀಲದ ಹಾವನ್ನು ಕಾಡಂಚಿನಲ್ಲಿ ಬಿಡುತ್ತಾರೆ. ಆಫ್ರಿಕಾದ ಹೆಬ್ಬಾವನ್ನು ಮಾತ್ರ ಚಂದ್ರಗಿರಿಯ ದಡದಲ್ಲಿ ಬಿಡಲಾಗದು. ಬಿಟ್ಟರೆ ಅದು ಸಾಯಬಹುದು, ಬದುಕಿದರೆ ಇಲ್ಲಿನ ಜೀವಿಗಳಿಗೆ ಕೇಡಾಗಬಹುದು. ಅದರ ಬಾಗಿಲನ್ನು ಕೊನೆಯತನಕ ಮುಚ್ಚಿಯೇ ಇಡಬೇಕು. ಮುಚ್ಚಿಡುವವನು ಬಿಸಿಲು, ನೆರಳು, ಮರೆಗಳನ್ನಷ್ಟೇ ಅಲ್ಲ, ತನ್ನ ಆಯುಷ್ಯದ ಒಂದು ಪಾಲನ್ನೂ ಅದಕ್ಕೆ ಬರೆದುಕೊಡಬೇಕಾಗುತ್ತದೆ.

ಚೆನ್ನಾಗಿ ಸಾಕಿದ ಬಾಲ್ ಪೈಥಾನ್ ಇಪ್ಪತ್ತರಿಂದ ಮೂವತ್ತು ವರ್ಷ ಬಾಳುತ್ತದೆ. ಕಡಲಗಾಳಿಯಲ್ಲಿ ಯಾವ ಪ್ಲೈವುಡ್ ಪೆಟ್ಟಿಗೆಯೂ ಅಷ್ಟು ಕಾಲ ನಿಲ್ಲುವುದು ಕಷ್ಟ. ಕಟ್ಟಿಸಿದವನು ಇನ್ನೊಂದೆರಡು ಸಲ ಕಟ್ಟಿಸಲು ಸಿದ್ಧನಿರಬೇಕು. ಕಾಸರಗೋಡಿನ ಅದೆಷ್ಟೋ ಮನೆಗಳಲ್ಲಿ ಇಪ್ಪತ್ತೆರಡು ದಾಟಿದ ಹುಡುಗ ಗಲ್ಫಿನ ವಿಮಾನ ಹತ್ತುತ್ತಾನೆ. ಅವನು ಹೋದ ಮೇಲೆ ಕರೆಂಟು ಹೋದ ರಾತ್ರಿ ಪೆಟ್ಟಿಗೆಯ ಬಿಸಿಯನ್ನು ನೋಡುವವರು, ಇಲಿಯನ್ನು ತಂದು ಹಾಕುವವರು, ನೋಂದಣಿಯ ಕಾಗದವನ್ನು ಕಾಪಾಡುವವರು ಯಾರು? ಮನೆಯಲ್ಲಿ ಉಳಿದ ಅಮ್ಮನೇ ಎಂದಾದರೆ, ಹಲಗೆ ಕೊಯ್ಯುವ ಮೊದಲು ಅವರ ಒಪ್ಪಿಗೆಯನ್ನೂ ಕೇಳಬೇಕು.