ದೂರ ನಿಂತ ಸಭೆ

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳ ನಡುವೆ ಈಯಮ್ ಎಂಬ ಪುಟ್ಟ ಊರಿದೆ. 1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯೊಡನೆ ಪ್ಲೇಗು ಊರನ್ನು ಹೊಕ್ಕಿತೆಂಬುದು ಪ್ರತೀತಿ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್ನರು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯವರೊಡಗೂಡಿ, ನೆರೆಯೂರುಗಳಿಗೆ ರೋಗ ಹರಡದಂತೆ ಯಾರೂ ಎಲ್ಲೆ ದಾಟಬಾರದೆಂದು ಜನರನ್ನು ಒಪ್ಪಿಸಿದರು. ಇಗರ್ಜಿಯ ಬಾಗಿಲು ಮುಚ್ಚಿತು, ಆರಾಧನೆ ನಿಲ್ಲಲಿಲ್ಲ. ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯಲ್ಲಿ ಕುಟುಂಬಗಳು ಪರಸ್ಪರ ದೂರ ನಿಂತು ಪ್ರಾರ್ಥಿಸಿದವು.

ಎಲ್ಲೆಗಲ್ಲಿನ ಕುಳಿಗಳಲ್ಲಿ ವಿನೆಗರಿನೊಳಗೆ ಇಟ್ಟ ನಾಣ್ಯಗಳನ್ನು ತೆಗೆದುಕೊಂಡು ನೆರೆಯವರು ಆಹಾರವಿರಿಸಿ ಹೋಗುತ್ತಿದ್ದರು. ಆ ಕಲ್ಲು ಇಂದಿಗೂ ಇದೆ. ಎಲಿಜಬೆತ್ ಹ್ಯಾನ್ಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ಪತಿಯನ್ನೂ ಆರು ಮಕ್ಕಳನ್ನೂ ತಾನೇ ಹೂಳಿದಳು.

ಆಗಸ್ಟಿನ ಕೊನೆಯ ಭಾನುವಾರ ಅದೇ ಕಣಿವೆಯಲ್ಲಿ ಸ್ಮರಣೆಯ ಆರಾಧನೆ ನಡೆದುಬಂದಿದೆ. ನೆರೆಯವರ ಪ್ರಾಣಕ್ಕಾಗಿ ಅಂದು ದೂರ ನಿಂತವರನ್ನು ಇಂದಿನವರು ಒಟ್ಟಾಗಿ ನಿಂತು ನೆನೆಯುತ್ತಾರೆ.