ಶಾಬ್ಲಿಯ ದ್ರಾಕ್ಷಾಸವ

ಮದ್ಯವನ್ನು ಕುರಿತು ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪಾಠಶಾಲೆಯಲ್ಲಿ ತರ್ಕವನ್ನೋದಿ, ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನಾನು, ವೈದ್ಯರು ಕೊಟ್ಟ ದ್ರಾಕ್ಷಾರಿಷ್ಟವನ್ನುಳಿದು ದ್ರಾಕ್ಷಿಯಿಂದಾದ ಬೇರೆ ಯಾವ ಪಾನವನ್ನೂ ರುಚಿ ನೋಡಿದವನಲ್ಲ. ಮುಂದೆ ನೋಡುವವನೂ ಅಲ್ಲ. ಆದರೂ ಫ್ರಾನ್ಸ್ ದೇಶದ ಶಾಬ್ಲಿ ಎಂಬ ಬಿಳಿಯ ವೈನನ್ನು ಕುರಿತು ನಾಲ್ಕು ಮಾತು ಬರೆಯಬೇಕಾಗಿದೆ. ಶಿಷ್ಯನೊಬ್ಬನಿಗೆ ನಾನು ಮಾಡಿದ ಅನ್ಯಾಯವೇ ಇದಕ್ಕೆ ಕಾರಣವೆಂದು ವಾಚಕ ಮಹಾಶಯರು ತಿಳಿಯಬೇಕು.

ಆ ಶಿಷ್ಯನು ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಫ್ರಾನ್ಸಿಗೆ ಹೋಗಿ, ಶಾಬ್ಲಿಯ ದ್ರಾಕ್ಷಿಯ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದನು. ಸುದ್ದಿ ತಿಳಿದ ದಿನವೇ ನಾನು, "ಕಲಿತ ವಿದ್ಯೆಯನ್ನು ಹೆಂಡದ ಪಾತ್ರೆಯಲ್ಲಿ ಅದ್ದಿದೆ" ಎಂದು ಅವನಿಗೆ ಬರೆದೆನು. ಅನಂತರ ಬಂದ ಅವನ ಕಾಗದಗಳಿಗೆ ಉತ್ತರವನ್ನೇ ಕೊಡಲಿಲ್ಲ. 2021ನೆಯ ಇಸವಿಯ ಕೊನೆಯಲ್ಲಿ ಅವನಿಂದ ಒಂದು ಪುಟ್ಟ ಕಟ್ಟು ಬಂದಿತು. ಒಳಗೆ ದೀರ್ಘವಾದ ಒಂದು ಪತ್ರವೂ ನಿಂಬೆಯ ಹಣ್ಣಿನಷ್ಟು ಗಾತ್ರದ ಒಂದು ಕಲ್ಲೂ ಇದ್ದುವು. ಬೂದುಬಣ್ಣದ ಆ ಕಲ್ಲಿನ ಮೈಯಲ್ಲೆಲ್ಲ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಸಣ್ಣ ಸಣ್ಣ ಸಿಂಪಿಗಳು ಹುದುಗಿಕೊಂಡಿದ್ದುವು.

ಶಾಬ್ಲಿಯು ಪ್ಯಾರಿಸ್ ನಗರಕ್ಕೆ ಆಗ್ನೇಯದಲ್ಲಿ, ಬರ್ಗಂಡಿ ಪ್ರಾಂತದ ಉತ್ತರದ ಅಂಚಿನಲ್ಲಿ, ಸೆರೆನ್ ಎಂಬ ಸಣ್ಣ ನದಿಯ ದಡದಲ್ಲಿರುವ ಊರು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿದ್ದಿತು. ಅದರ ತಳದಲ್ಲಿ ಸಿಂಪಿಗಳು ಕೂಡಿಕೂಡಿ ಸುಣ್ಣಕಲ್ಲೂ ಜೇಡಿಯೂ ಬೆರೆತ ನೆಲವಾಯಿತು. ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕಿಮ್ಮರಿಡ್ಜಿಯನ್ ಎಂದು ಕರೆಯುತ್ತಾರೆ. "ಗುರುಗಳು ನಿತ್ಯವೂ ಅರ್ಚಿಸುವ ಸಾಲಿಗ್ರಾಮದೊಳಗಿನ ಚಕ್ರವೂ ಅದೇ ಜುರಾಸಿಕ್ ಯುಗದ ಕಡಲಜೀವಿಯ ಚಿಪ್ಪಿನ ಗುರುತು" ಎಂದು ಶಿಷ್ಯನು ಬರೆದಿದ್ದನು. ಗಂಡಕಿಯ ಕಲ್ಲು ಒಂದು ಕೈಯಲ್ಲಿ, ಶಾಬ್ಲಿಯ ಕಲ್ಲು ಇನ್ನೊಂದು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆನು.

ಆ ನೆಲದಲ್ಲಿ ದ್ರಾಕ್ಷಿಯ ಕೃಷಿಯನ್ನು ಬೆಳೆಯಿಸಿದವರಲ್ಲಿ 1114ರಲ್ಲಿ ಸ್ಥಾಪಿತವಾದ ಪೊಂತಿನ್ಯಿ ಮಠದ ಕ್ರೈಸ್ತ ಸಂನ್ಯಾಸಿಗಳು ಮುಖ್ಯರು. ಶಾಬ್ಲಿಗೆ ಸಲ್ಲುವ ತಳಿ ಶಾರ್ಡೊನೆ ಒಂದೇ. ಸಕ್ಕರೆಯೆಲ್ಲವೂ ಹುದುಗಿನಲ್ಲಿ ಕಳೆದುಹೋಗುವುದರಿಂದ ಈ ವೈನಿನಲ್ಲಿ ಸಿಹಿ ಉಳಿಯುವುದಿಲ್ಲ. ಬಣ್ಣವು ತಿಳಿಹೊನ್ನು, ಅದರಲ್ಲಿ ಹಸುರಿನ ಛಾಯೆ. ರುಚಿಯಲ್ಲಿ ನಿಂಬೆಯನ್ನೂ ಹಸಿಯ ಸೇಬನ್ನೂ ನೆನಪಿಗೆ ತರುವ ಹುಳಿ. ಕೊನೆಯಲ್ಲಿ ಚಕಮಕಿ ಕಲ್ಲನ್ನು ಉಜ್ಜಿದಂತಹ ಒಂದು ವಾಸನೆ. ನದಿಯ ಬಲದಂಡೆಯ ಒಂದೇ ಇಳಿಜಾರಿನಲ್ಲಿರುವ ಏಳು ಕ್ಷೇತ್ರಗಳ ವೈನಿಗೆ ಅಗ್ರಸ್ಥಾನವಿದೆ. ಅದು ಹತ್ತಾರು ವರ್ಷ ಸೀಸೆಯಲ್ಲಿ ಪಕ್ವವಾಗಬಲ್ಲುದು.

ಹಾಗಾದರೆ ಆ ಕಲ್ಲಿನ ವಾಸನೆಯು ಈ ಸಿಂಪಿಗಳಿಂದಲೇ ಬಂದುದೋ? ಕುಡಿಯುವವರಲ್ಲಿ ಅನೇಕರು ಹಾಗೆಯೇ ನಂಬುತ್ತಾರೆ. ಆದರೆ ನೆಲದ ಖನಿಜದ ರುಚಿಯು ಬೇರಿನ ಮೂಲಕ ನೇರವಾಗಿ ವೈನಿಗೆ ಇಳಿಯುವುದಿಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ನೆಲವು ಹೆಚ್ಚಿನ ನೀರನ್ನು ಬಸಿದು ಬೇಕಾದಷ್ಟನ್ನು ಹಿಡಿದಿಡುತ್ತದೆ. ಉತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಹುಳಿ ಉಳಿಯುತ್ತದೆ. ಸಾಹಚರ್ಯ ಮಾತ್ರದಿಂದ ಕಾರಣತ್ವವು ಸಿದ್ಧಿಸದೆಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆನು. ಮದ್ಯದ ಬಳಿ ಇರುವವನು ಕೆಟ್ಟವನೇ ಆಗಿರಬೇಕೆಂದು ಊಹಿಸಿದಾಗ ಆ ಪಾಠವು ನನಗೇ ಮರೆತುಹೋಗಿತ್ತು.

ಅವನ ಶ್ರಮವು ಎಂತಹುದೆಂಬುದನ್ನೂ ಪತ್ರದಿಂದಲೇ ತಿಳಿದೆನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳು ಅಲ್ಲಿಯ ಬಳ್ಳಿಗಳನ್ನು ನಾಶಮಾಡಿತು. ರೈಲಿನಲ್ಲಿ ಬಂದ ದಕ್ಷಿಣದ ಅಗ್ಗದ ವೈನು ಉಳಿದವರನ್ನೂ ಸೋಲಿಸಿತು. 1938ರಲ್ಲಿ ಶಾಬ್ಲಿ ಎಂಬ ಹೆಸರಿಗೆ ಕಾಯಿದೆಯ ರಕ್ಷಣೆ ದೊರಕಿದರೂ, ಶತಮಾನದ ಮಧ್ಯಭಾಗದಲ್ಲಿ ಸುಮಾರು 500 ಹೆಕ್ಟೇರು ತೋಟ ಮಾತ್ರ ಉಳಿದಿತ್ತು. ಇಂದು ಅದು 5,500 ಹೆಕ್ಟೇರಿಗಿಂತಲೂ ಹೆಚ್ಚಾಗಿದೆ. ಆದರೆ ಚಿಗುರೊಡೆಯುವ ಕಾಲದಲ್ಲಿ ಬೀಳುವ ಹಿಮದ ಭಯವು ಹೋಗಿಲ್ಲ. 2021ರ ಏಪ್ರಿಲಿನಲ್ಲಿ ಸಾಲುಗಳ ನಡುವೆ ರಾತ್ರಿಯೆಲ್ಲ ಮೇಣದ ದೀಪಗಳನ್ನು ಹಚ್ಚಿದರಂತೆ. ಕೆಲವೆಡೆ ಬಳ್ಳಿಗಳ ಮೇಲೆ ನೀರನ್ನು ಸಿಂಪಡಿಸಿದರಂತೆ. ನೀರು ಹೆಪ್ಪುಗಟ್ಟುವಾಗ ಬಿಡುವ ಉಷ್ಣವೇ ಒಳಗಿನ ಚಿಗುರನ್ನು ಕಾಪಾಡುವುದು. ಅಷ್ಟಾದರೂ ಬಹುಪಾಲು ಬೆಳೆ ಹೋಯಿತೆಂದು ಬರೆದು, "ಗುರುಗಳೇ, ಸುಟ್ಟ ಚಿಗುರನ್ನು ಕಂಡು ಅಂದು ಅತ್ತೆನು, ಹೇಳಿಕೊಳ್ಳಲು ತಮ್ಮ ನೆನಪಾಯಿತು" ಎಂದು ಪತ್ರವನ್ನು ಮುಗಿಸಿದ್ದನು.

ಮಳೆ ತಪ್ಪಿದ ವರ್ಷ ರಾಗಿಯ ಹೊಲದ ಬದುವಿನಲ್ಲಿ ನನ್ನ ತಂದೆಯವರು ನಿಂತಿದ್ದುದನ್ನು ಕಂಡವನು ನಾನು. ಅದೇ ದಿನ ಶಿಷ್ಯನಿಗೆ ಉತ್ತರ ಬರೆದೆನು. ಮದ್ಯಪಾನದ ವಿಷಯದಲ್ಲಿ ನನ್ನ ಅಭಿಪ್ರಾಯವು ಬದಲಾಗಿಲ್ಲವೆಂದೂ, ಅವನ ವಿಷಯದಲ್ಲಿ ಬದಲಾಗಿದೆಯೆಂದೂ, ಹಿಂದಿನ ಮಾತಿಗೆ ಕ್ಷಮಿಸಬೇಕೆಂದೂ ಬರೆದೆನು. ಆ ಕಲ್ಲು ಈಗ ನನ್ನ ಬರೆಯುವ ಮೇಜಿನ ಮೇಲಿದೆ. ಚೈತ್ರವು ಬಂದಾಗ, ಸೆರೆನ್ ನದಿಯ ದಡದಲ್ಲಿ ಹಿಮ ಬೀಳದಿರಲೆಂದು ದೇವರನ್ನು ಪ್ರಾರ್ಥಿಸುತ್ತೇನೆ.